ಸೋಮವಾರದ ಪಾಳಿ

ಸೋಮವಾರ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಕಾಕಾ ಸಲಿಕೆಯ ಹಿಡಿಯಿಂದ ಬಾಜೂ ಹೊಲದವರ ಮೊಣಕೈ ಮುರಿದ. ಆಗ ನಾನು ಕಾಲುವೆಯ ಏರಿಯ ಮೇಲೆ ನಿಂತು ಫೋನು ನೋಡುತ್ತಿದ್ದೆ, ಅದಕ್ಕೇ ಗಂಟೆ ಇಷ್ಟು ನಿಖರವಾಗಿ ಗೊತ್ತು. ನಾನು ಬರೆದ ಪಾಳಿಪಟ್ಟಿ ಎಲ್ಲರ ಫೋನಿಗೂ ಬರತೊಡಗಿದ ಮೊದಲ ಮುಂಜಾನೆ ಅದು. ಸರಿಯಾಗಿ ಬರುತ್ತಿದೆಯೇ ಎಂದು ನೋಡಲು ಹೋಗಿದ್ದೆ.

ನಮ್ಮೂರು ನವಲಗುಂದ ತಾಲೂಕಿನದು. ಊರ ಮುಂದಿನ ಕಾಲುವೆಯ ಒಂದು ತೂಬಿನಿಂದ ಹದಿನಾಲ್ಕು ಮನೆಗಳ ಹೊಲಕ್ಕೆ ನೀರು ಹೋಗುತ್ತದೆ. ದಿನಕ್ಕೊಂದು ಮನೆಯ ಸರದಿ. ಅದನ್ನೇ ಪಾಳಿ ಎನ್ನುತ್ತೇವೆ. ಒಮ್ಮೆ ತಪ್ಪಿದರೆ ಮತ್ತೆ ಎರಡು ವಾರ ಕಾಯಬೇಕು. ಗೋಧಿ ತೆನೆ ಕಟ್ಟುವ ಹೊತ್ತಿಗೆ ಎರೆಮಣ್ಣು ಕಾಲು ತೂರುವಷ್ಟು ಬಿರಿದಿರುತ್ತದೆ. ಎರಡು ವಾರ ಎಂದರೆ ಆ ವರ್ಷದ ಗೋಧಿ ಹೋಯಿತೆಂದೇ ಲೆಕ್ಕ. ತೂಬಿನ ಗೇಟು ತೆರೆದು ಮುಚ್ಚುವವರನ್ನು ನಮ್ಮ ಕಡೆ ಸೌಡಿ ಎನ್ನುತ್ತಾರೆ. ನಮ್ಮ ಸೌಡಿ ಐವತ್ತು ದಾಟಿದವರು, ಊರ ಹೊರಗಿನ ಕೇರಿಯವರು. ಅವರ ಮನೆಯವರು ಎರಡು ತಲೆಮಾರಿನಿಂದ ಬುದ್ಧನನ್ನು ನಂಬಿದವರು. ಅಪ್ಪ ಮತ್ತು ಅವರ ತಮ್ಮನಾದ ಕಾಕಾ ಕೂಡಿಯೇ ಇರುವ ನಮ್ಮ ಮನೆ ಊರ ನಡುವಿನ ಗೌಡರ ಓಣಿಯಲ್ಲಿದೆ.

ನಾನು ಹುಬ್ಬಳ್ಳಿಯಲ್ಲಿ ಬಿಸಿಎ ಮುಗಿಸಿ ಬಂದು ನೀರು ಬಳಕೆದಾರರ ಸಂಘದಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದ್ದೆ. ಕಾಲೇಜಿನ ಮೂರು ವರ್ಷವೂ ಬೆಳಗಿನ ಬಸ್ಸಿಗೆ ನನ್ನನ್ನು ಬೈಕಿನ ಮೇಲೆ ಬಿಟ್ಟು ಬರುತ್ತಿದ್ದವನು ಇದೇ ಕಾಕಾ. ಸಂಘದ ದಪ್ತರದಲ್ಲಿ, ಅಂದರೆ ಕೈಬರಹದ ಲೆಕ್ಕದ ಪುಸ್ತಕದಲ್ಲಿ, ಇದ್ದ ಪಾಳಿಪಟ್ಟಿಯನ್ನು ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯ ಒಂದು ಸಿದ್ಧ ಚೌಕಟ್ಟಿನಲ್ಲಿ, ಅಂದರೆ ಫ್ರೇಮ್‌ವರ್ಕಿನಲ್ಲಿ, ವೆಬ್‌ಸೈಟಾಗಿ ಮಾಡಿದವಳು ನಾನು. ಸಂಘದ ಪಡಸಾಲೆಯಲ್ಲಿ ಗೋಡೆಗೆ ಹಾಕಿದ ಟೀವಿಯ ಮೇಲೆ ಅದರ ಪುಟ ದಿನವಿಡೀ ತೋರುತ್ತಿತ್ತು. ಊರವರು ಅದನ್ನು ಬೋರ್ಡು ಎನ್ನುತ್ತಿದ್ದರು. ಅದೇ ಪಟ್ಟಿ ಫೋನಿನಲ್ಲೂ ಕಾಣುವಂತೆ ಒಂದು ಆ್ಯಪು ಬರೆದು ಎಲ್ಲರ ಫೋನಿಗೆ ಹಾಕಿಕೊಟ್ಟಿದ್ದೆ. ಸೌಡಿ ದಿನಾ ಸಂಜೆ ಬಂದು ಬೋರ್ಡು ನೋಡಿ, ಮರುದಿನದ ಹೆಸರನ್ನು ತಮ್ಮ ಸಣ್ಣ ನೋಟುಬುಕ್ಕಿಗೆ ಬರೆದುಕೊಂಡು ಹೋಗುತ್ತಿದ್ದರು. ನೀರು ಬಿಟ್ಟ ಮೇಲೆ ಕಂಪ್ಯೂಟರಿನಲ್ಲಿ ‘ಬಿಟ್ಟಾಯಿತು’ ಎಂಬ ಗುಂಡಿ ಒತ್ತುವುದನ್ನು ನಾನೇ ಕಲಿಸಿದ್ದೆ. ಅದು ಬಿಟ್ಟು ಬೇರೇನನ್ನೂ ಅವರು ಮುಟ್ಟುವಂತಿರಲಿಲ್ಲ.

ಸೋಮವಾರ ತೂಬಿನ ಹತ್ತಿರ ನಡೆದದ್ದು ಹೀಗೆ. ಬಾಜೂ ಹೊಲದವರು ತಮ್ಮ ಹೊಲಗಾಲುವೆಯಲ್ಲಿ ಬಗ್ಗಿ ಕಸ ತೆಗೆಯುತ್ತಿದ್ದರು. ನೀರು ಆಗಲೇ ಅವರ ಗೋಧಿಯತ್ತ ಹೊರಟಿತ್ತು. ಕಾಕಾ ತನ್ನ ಇಬ್ಬರು ಮಕ್ಕಳು, ಇಬ್ಬರು ಆಳುಗಳೊಂದಿಗೆ ಬಂದ.

“ಏ, ಯಾರ ಹೊಲಕ್ಕ ಹೊಂಟೈತಿ ಲೇ ನೀರು?”

“ಇವತ್ತ ಇವರ ಪಾಳಿ ಐತ್ರಿ ಗೌಡ್ರ. ನಿಮ್ದು ನಾಳಿಗಿ,” ಎಂದರು ಸೌಡಿ.

“ನಾಳಿಗಿ? ಇಲ್ಲಿ ನೋಡು, ಕಣ್ಣ ತಗದ ನೋಡು. ನನ್ನ ಹೆಸರ ಮುಂದ ಸೋಮವಾರ ಅಂತ ಐತಿ. ನಮ್ಮ ಹುಡಿಗಿ ಮಾಡಿದ್ದು ಇದು.”

ಬಾಜೂ ಹೊಲದವರು ಬಗ್ಗಿದಲ್ಲಿಂದಲೇ ನಕ್ಕರು. “ನಿನ್ನ ಫೋನ್ ನಿನ್ನ ಕಿಸೇದಾಗ ಇಟ್ಕೊಳೋ ಮಾರಾಯ. ಬೋರ್ಡಿನ್ಯಾಗ ನಂದ ಐತಿ. ನೀರ ಕದಿಯಾಕ ಈಗ ಫೋನ್ ಬ್ಯಾರೆ ಹಿಡ್ಕೊಂಡ ಬಂದಾನ.”

“ಕದಿಯಾಕ?” ಎಂದ ಕಾಕಾ. ಸಲಿಕೆ ಮೇಲೆ ಹೋಗಿದ್ದು ನನಗೆ ಕಾಣಲಿಲ್ಲ, ಇಳಿದದ್ದು ಕಂಡಿತು. ಹಸಿ ಕಟ್ಟಿಗೆ ಮುರಿದಂಥ ಸದ್ದಾಯಿತು. ಅವರು ಕಾಲುವೆಯೊಳಗೆ ಬಿದ್ದರು. ಕಾಕಾ ಅವರ ಬೆನ್ನ ಮೇಲೆ ಕಾಲಿಟ್ಟು ಒತ್ತಿದ. ಮುಖ ಕೆಸರಿನೊಳಗೆ ಹೋಯಿತು, ಗುಳ್ಳೆ ಎದ್ದವು. ಸೌಡಿ ಓಡಿ ಬಂದು ಕಾಕಾನ ಸೊಂಟಕ್ಕೆ ಕೈ ಹಾಕಿ ಹಿಂದಕ್ಕೆ ಎಳೆದರು. ಬಿದ್ದವರು ತಲೆ ಎತ್ತಿ ಉಸಿರು ಎಳೆದುಕೊಂಡರು.

ಕಾಕಾ ಅವರನ್ನು ಬಿಟ್ಟು ಸೌಡಿಯ ಕಡೆ ತಿರುಗಿದ. “ಮುಟ್ಟಿದೇನಲೇ ನನ್ನ? ನೀ ಮುಟ್ಟಿದೇನು?”

ಆಮೇಲೆ ಐವರೂ ಸೌಡಿಯ ಮೇಲೆ ಬಿದ್ದರು. ಗೇಟು ತಿರುಗಿಸುವ ಕಬ್ಬಿಣದ ಹಿಡಿಕೆ ಸೌಡಿಯ ಕೈಯಲ್ಲೇ ಇತ್ತು. ಅದನ್ನೇ ಕಿತ್ತುಕೊಂಡು ಅವರಿಗೇ ಹೊಡೆದರು. ಕಾಲುಗಳಿಗೆ, ಬೆನ್ನಿಗೆ, ಕೆಳಗೆ ಬಿದ್ದ ಮೇಲೆ ತಲೆಯ ಬದಿಗೆ. ಅವರು ಕೂಗಿದ್ದು ಎರಡೇ ಸಲ. ನಾನು ಏರಿಯ ಮೇಲೆ ನಿಂತಲ್ಲೇ ನಿಂತೆ. ನನ್ನ ಕೈಯಲ್ಲಿದ್ದ ಫೋನು ಕಾಕಾನ ಹೆಸರಿನ ಮುಂದೆ ಸೋಮವಾರವನ್ನೇ ತೋರಿಸುತ್ತಿತ್ತು.

ಏಳೂವರೆಗೆ ಕಾಕಾನ ಹಿರಿಯ ಮಗ ಸಂಘದ ಪಡಸಾಲೆಗೆ ಹೋಗಿ, ಸುಳ್ಳ ಬೋರ್ಡು ಎಂದು ಬೈಯುತ್ತ ಒಂದು ಕಲ್ಲೆತ್ತಿ ಟೀವಿಗೆ ಹೊಡೆದ. ಅದರ ಗಾಜು ಇಡೀ ಪಡಸಾಲೆಗೆ ಚೆಲ್ಲಿತು. ಬೋರ್ಡು ಒಡೆದ ಮೇಲೆ ಜನರ ಕಣ್ಣಿಗೆ ಉಳಿದದ್ದು ಫೋನು ಒಂದೇ. ಫೋನಿನಲ್ಲಿ ಕಾಕಾನ ಪಾಳಿ ಸೋಮವಾರವೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಊರಿನ ಮಾತು ಗಟ್ಟಿಯಾಯಿತು: ಸೌಡಿ ಬೋರ್ಡಿನಲ್ಲಿ ಹೆಸರು ಬದಲಿಸಿದ್ದಾನೆ, ಗುಂಡಿ ಒತ್ತುವುದನ್ನು ಕಲಿತದ್ದೇ ಅದಕ್ಕೆ. ಬೀರುವಿನಲ್ಲಿದ್ದ ದಪ್ತರವನ್ನು ಯಾರೂ ತೆರೆದು ನೋಡಲಿಲ್ಲ. ನೀರಾವರಿ ಇಂಜಿನಿಯರು ಬಂದು ಗೇಟಿಗೆ ಬೀಗ ಹಾಕಿಸಿ ಹೋದರು. ಗುರುವಾರ ಹನ್ನೊಂದಕ್ಕೆ ಸಂಘದ ಸಭೆ ಸೇರಿ ಸೌಡಿಯನ್ನು ಕೆಲಸದಿಂದ ತೆಗೆದು, ನೀರು ಕದ್ದನೆಂದು ಪೊಲೀಸರಿಗೆ ಬರೆದುಕೊಡುವುದೆಂದು ತೀರ್ಮಾನವಾಯಿತು. ಬಾಜೂ ಹೊಲದವರು ಹುಬ್ಬಳ್ಳಿಯ ದವಾಖಾನೆಯಲ್ಲಿದ್ದರು. ಸೌಡಿಯನ್ನು ದವಾಖಾನೆಗೆ ಯಾರೂ ಒಯ್ಯಲಿಲ್ಲ.

ಸಂಜೆ ಕಾಕಾ ನನ್ನ ಮುಂದೆ ಬಂದು ಕುಳಿತ. ಕೈ ತೊಳೆದಿದ್ದ, ಆದರೆ ಉಗುರಿನ ಸಂದಿಯಲ್ಲಿ ಕಪ್ಪು ಇತ್ತು. “ನೋಡ ತಂಗೀ, ನೀ ಒಂದ ಮಾತ ಹೇಳಿದ್ರ ಮುಗೀತು. ಸೌಡಿ ಬೋರ್ಡ್ ತಿದ್ದ್ಯಾನ ಅಂತ. ಅಷ್ಟ.”

“ನೋಡಿ ಹೇಳತೇನಿ ಕಾಕಾ.”

“ನೋಡೂದೇನೈತಿ ಅದರಾಗ?”

ನೋಡುವುದಿತ್ತು. ತಪ್ಪು ಎಲ್ಲಿದೆ ಎಂದು ನನಗೆ ಆಗ ನಿಜವಾಗಿಯೂ ಗೊತ್ತಿರಲಿಲ್ಲ. ನನ್ನ ದಿನಚರಿಯಲ್ಲಿ ಹಿಂದಿನ ದಿನದ ಪುಟ ತೆರೆದೆ. ಮಾಡಿದ ಕೆಲಸವನ್ನೆಲ್ಲ ಗಂಟೆಯೊಂದಿಗೆ ಬರೆದಿಡುವುದು ನನ್ನ ರೂಢಿ.

ಭಾನುವಾರ, ಸಂಜೆ ಐದು ಹತ್ತು: ಫೋನುಗಳಲ್ಲಿ ಪಟ್ಟಿ ಬರುತ್ತಿಲ್ಲ, ಬಿಳಿ ಪರದೆ. ಫ್ರೇಮ್‌ವರ್ಕು ಒಂದೇ ಮಾಹಿತಿಯನ್ನು ಎರಡು ರೀತಿಯಲ್ಲಿ ಕೊಡುತ್ತದೆ. ಬೋರ್ಡಿಗಾದರೆ ಬಣ್ಣ, ಅಂಚು, ತಲೆಬರಹ ಎಲ್ಲ ತೊಡಿಸಿದ ಪೂರ್ತಿ ಪುಟ. ಅದಕ್ಕೆ ವ್ಯೂ ಎನ್ನುತ್ತಾರೆ. ಫೋನಿಗಾದರೆ ಹೆಸರು, ದಿನಾಂಕ ಇಷ್ಟೇ ಇರುವ ಬರಿ ಅಕ್ಷರಗಳ ಸಾಲು. ಅದು ಜೇಸನ್. ಫೋನು ಜೇಸನ್ ಕಾಯುತ್ತಿದ್ದರೆ, ಸರ್ವರು ಅದಕ್ಕೆ ಲಾಗಿನ್ ಮಾಡು ಎನ್ನುವ ಇಡೀ ಪುಟವನ್ನೇ ಕಳಿಸುತ್ತಿತ್ತು. ತನಗೆ ಜೇಸನ್ ಬೇಕೆಂದು ಫೋನು ಕೇಳುವಾಗಲೇ ಹೇಳಬೇಕಿತ್ತು, ನಾನು ಅದನ್ನು ಬರೆದಿರಲಿಲ್ಲ. ಬರೆದೆ. ಆರು ಇಪ್ಪತ್ತೈದಕ್ಕೆ ಪಟ್ಟಿ ಬಂತು. ಕೊನೆಗೆ ಬರೆದ ಸಾಲು: ‘ಸಾಲುಗಳು ಹದಿನಾಲ್ಕು. ಸರಿ.’

ಸಾಲು ಎಣಿಸಿದ್ದೆ. ಸಾಲಿನೊಳಗೆ ಏನಿದೆ ಎಂದು ಓದಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ, ಮನೆಗೆ ತಂದಿದ್ದ ಸಂಘದ ಲ್ಯಾಪ್‌ಟಾಪು ತೆರೆದು ಕುಳಿತೆ. ಬೋರ್ಡಿನ ಪುಟ ಹಳೆಯದಾಗಿ ಉಳಿದುಬಿಟ್ಟಿರಬಹುದು ಎಂದುಕೊಂಡೆ. ಫ್ರೇಮ್‌ವರ್ಕು ಒಮ್ಮೆ ಕಟ್ಟಿದ ಪುಟವನ್ನು ಇಟ್ಟುಕೊಂಡು ಅದನ್ನೇ ಮತ್ತೆ ಮತ್ತೆ ತೋರಿಸುವುದುಂಟು. ಹಾಗೆ ಇಟ್ಟುಕೊಂಡಿದ್ದನ್ನೆಲ್ಲ ಅಳಿಸಿದೆ. ಪುಟ ಹೊಸದಾಗಿ ಕಟ್ಟಿಕೊಂಡು ಬಂತು. ಕಾಕಾ, ಮಂಗಳವಾರ. ಬೋರ್ಡು ಸುಳ್ಳು ಹೇಳಿರಲಿಲ್ಲ. ಯಾರು ಯಾವಾಗ ಏನು ತಿದ್ದಿದರು ಎಂಬ ದಾಖಲೆ ತೆಗೆದೆ. ಸೌಡಿಯ ಹೆಸರಿನಲ್ಲಿ ಇದ್ದದ್ದು ಗುಂಡಿ ಒತ್ತಿದ್ದು ಮಾತ್ರ, ತಿದ್ದಿದ್ದು ಒಂದೂ ಇಲ್ಲ. ಆಮೇಲೆ ಫೋನಿಗೆ ಹೋಗುವ ಜೇಸನನ್ನು ಹಾಗೇ ಪರದೆಗೆ ತಂದು ಮೊದಲ ಸಲ ಅಕ್ಷರ ಅಕ್ಷರ ಓದಿದೆ. ಕಾಕಾನ ಹೆಸರಿನ ಮುಂದೆ ಸೋಮವಾರದ ದಿನಾಂಕ, ಅದರ ಪಕ್ಕದಲ್ಲಿ ಸಂಜೆ ಆರೂವರೆ ಎಂಬ ಹೊತ್ತು.

ಆ ಆರೂವರೆಯ ಮೇಲೆ ಬೆರಳಿಟ್ಟೆ. ಅಂಥ ಹೊತ್ತನ್ನು ನಾನು ಎಲ್ಲಿಯೂ ಬರೆದಿರಲಿಲ್ಲ. ನಾನು ಬರೆದದ್ದು ಬರಿ ದಿನಾಂಕ, ಮಂಗಳವಾರ. ಹೊತ್ತು ಹೇಳದಿದ್ದರೆ ಕಂಪ್ಯೂಟರು ಅದನ್ನು ಮಂಗಳವಾರದ ಮೊದಲ ಗಳಿಗೆ, ಅಂದರೆ ನಡುರಾತ್ರಿ ಹನ್ನೆರಡು ಎಂದುಕೊಳ್ಳುತ್ತದೆ. ವ್ಯೂ ಅದನ್ನು ನಮ್ಮ ದೇಶದ ಗಡಿಯಾರದಂತೆ ತೋರಿಸುತ್ತದೆ. ಜೇಸನ್ ಮಾಡುವಾಗ ಮಾತ್ರ ಫ್ರೇಮ್‌ವರ್ಕು ತಾನಾಗಿ ಲೋಕದ ಗಡಿಯಾರಕ್ಕೆ, ಅಂದರೆ ಗ್ರೀನಿಚ್ ಹೊತ್ತಿಗೆ ಬದಲಿಸುತ್ತದೆ. ಅದು ನಮಗಿಂತ ಐದೂವರೆ ತಾಸು ಹಿಂದೆ. ಮಂಗಳವಾರದ ಹನ್ನೆರಡರಿಂದ ಐದೂವರೆ ಕಳೆದರೆ ಸೋಮವಾರ ಸಂಜೆ ಆರೂವರೆ. ಫೋನಿನಲ್ಲಿ ನಾನು ಹೊತ್ತನ್ನು ಕತ್ತರಿಸಿ ದಿನವನ್ನಷ್ಟೇ ಉಳಿಸಿದ್ದೆ. ಹಾಗಾಗಿ ಸೋಮವಾರ. ಹದಿನಾಲ್ಕೂ ಸಾಲು ನೋಡಿದೆ. ಎಲ್ಲವೂ ಒಂದೊಂದು ದಿನ ಹಿಂದೆ.

ಹತ್ತು ಗಂಟೆಗೆ ಕೇರಿಗೆ ಹೋದೆ. ಸೌಡಿ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದರು. ಮುಖ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ಬುದ್ಧನ ಫೋಟೋದ ಕೆಳಗೆ ರಕ್ತದ ಅಂಗಿ ನೆನೆಹಾಕಿದ ಬಕೆಟ್ಟು. ಅವರ ಹೆಂಡತಿ ಬಾಗಿಲಲ್ಲೇ ನಿಂತರು.

“ಬಂದ್ರೇನ್ರಿ ಅಕ್ಕಾರ? ಎಷ್ಟ ಏಟ ಬಿದ್ದಾವು ಎಣಿಸಿ ಬರ್ಕೊಂಡ ಹೋಗಾಕ ಬಂದೀರೇನು?”

“ತಪ್ಪ ನಂದೈತ್ರಿ. ಫೋನಿಂದು. ಅಣ್ಣಾರ ಏನೂ ಮಾಡಿಲ್ಲ.”

“ಅದ ನಮಗ ಗೊತ್ತೈತಿ. ಅಲ್ಲಿ ಹೋಗಿ ಹೇಳ್ರಿ, ಇಲ್ಲೇನ ಹೇಳತೀರಿ?”

ಸೌಡಿಯ ನೋಟುಬುಕ್ಕು ಕೇಳಿದೆ. ಅವರು ತಲೆದಿಂಬಿನ ಕೆಳಗಿಂದ ತೆಗೆದು ಕೊಟ್ಟರು. ಪ್ರತಿ ಹೆಸರಿನ ಮುಂದೆ ದಿನ, ಅದರ ಮುಂದೆ ಒಂದೇ ಸಮನೆ ‘ಮುಂಜಾನೆ 6’ ಎಂದು ಬರೆದಿತ್ತು. ನಮ್ಮಲ್ಲಿ ಪಾಳಿ ಹತ್ತುವುದೇ ಬೆಳಗಿನ ಆರಕ್ಕೆ. ರಾತ್ರಿ ಹರಿದ ನೀರು ಹಿಂದಿನ ದಿನದವರದು. ಸಂಘದ ದಪ್ತರದಲ್ಲಿಯೂ ಈ ಆರು ಇತ್ತು. ಎಲ್ಲ ಸಾಲಿನಲ್ಲೂ ಅದೇ ಇದೆ, ಸುಮ್ಮನೆ ಜಾಗ ತಿನ್ನುತ್ತದೆ ಎಂದು ನಾನು ಆ ಅಂಕಣವನ್ನು ಬಿಟ್ಟಿದ್ದೆ. ಅಲ್ಲೇ ಅವರ ಹೊಸ್ತಿಲ ಹೊರಗೆ ಕುಳಿತು ಲೆಕ್ಕ ಮಾಡಿದೆ. ಮಂಗಳವಾರ ಬೆಳಗಿನ ಆರರಿಂದ ಐದೂವರೆ ತಾಸು ಕಳೆದರೂ ಮಂಗಳವಾರವೇ ಉಳಿಯುತ್ತದೆ. ಅವರು ಬರೆದಂತೆ ನಾನು ಬರೆದಿದ್ದರೆ ಯಾರ ಕೈಯೂ ಮುರಿಯುತ್ತಿರಲಿಲ್ಲ.

ಅದನ್ನು ಅವರಿಗೆ ಹೇಳಿದೆ. ಅವರು ಊದಿದ ತುಟಿಯಲ್ಲಿ ಅಂದರು: “ಇದನ್ನ ಗುರುವಾರ ಹೇಳತೀರೇನ್ರಿ?”

“ಹೇಳತೇನ್ರಿ.”

“ನಿಮ್ಮ ಕಾಕಾ ಇರ್ತಾನ ಅಲ್ಲೆ.”

ಫೋನಿನ ತಪ್ಪನ್ನು ಸರಿಮಾಡಲು ಒಂದು ಸಾಲು ಸಾಕಿತ್ತು. ಬೇಕೆಂದೇ ಮಾಡಲಿಲ್ಲ. ಸರಿಮಾಡಿದ್ದರೆ ಎಲ್ಲರ ಫೋನಿನಲ್ಲೂ ಸಾಕ್ಷಿ ಅಳಿಸಿಹೋಗುತ್ತಿತ್ತು. ಗೇಟಿಗೆ ಬೀಗವಿದ್ದುದರಿಂದ ಹೊಸ ಜಗಳದ ಭಯ ಇರಲಿಲ್ಲ. ಬುಧವಾರ ಮುಂಜಾನೆ ಕಾಕಾನಿಗೆ ಎಲ್ಲವನ್ನೂ ಹೇಳಿದೆ. ಅವನಿಗೇ ಮೊದಲು ಹೇಳಬೇಕು ಅನಿಸಿತು. ಅವನು ಚಹಾ ಕುಡಿಯುತ್ತಿದ್ದ. ಕೇಳಿ ಮುಗಿಸಿ ಬಟ್ಟಲು ಕೆಳಗಿಟ್ಟ. ಆಮೇಲೆ ಎದ್ದು ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ಹಿತ್ತಲ ಕಲ್ಲಿನ ಮೇಲೆ ಒಗೆದ. ಬಟ್ಟೆ ಒಗೆಯುವ ಕಲ್ಲು ಅದು. ಮೊದಲನೇ ಏಟಿಗೆ ಪರದೆ ಒಡೆಯಿತು, ಮೂರನೆಯದಕ್ಕೆ ಎರಡು ಹೋಳಾಯಿತು.

“ಈಗ ಏನ ತೋರಸ್ತಿ, ತೋರಸು,” ಎಂದ. ಅಪ್ಪ ಅಂಗಳದಲ್ಲಿ ನಿಂತು ನೋಡಿ ಒಳಗೆ ಹೋದರು.

ಗುರುವಾರದ ಸಭೆಗೆ ಹದಿನಾಲ್ಕು ಮನೆಗಳಲ್ಲಿ ಹನ್ನೆರಡರವರು ಬಂದಿದ್ದರು. ಸಂಘದ ಅಧ್ಯಕ್ಷರು ದಪ್ತರ ತೆರೆದುಕೊಂಡು ಕುಳಿತರು. ಸೌಡಿಯನ್ನು ಬಾಗಿಲ ಹತ್ತಿರ ನೆಲದ ಮೇಲೆ ಕೂಡಿಸಿದ್ದರು. ಪಡಸಾಲೆಯ ಗಾಜನ್ನು ಇನ್ನೂ ಯಾರೂ ಗುಡಿಸಿರಲಿಲ್ಲ.

“ಸೌಡೀನ ಕೆಲಸದಿಂದ ತಗಿಯೂ ಠರಾವು ಬರದಿಟ್ಟೇವಿ,” ಎಂದರು ಅಧ್ಯಕ್ಷರು. “ಯಾರರ ಏನರ ಹೇಳೂದಿದ್ರ ಹೇಳ್ರಿ, ಸಹಿ ಮಾಡೂಣು.”

ನಾನು ಎದ್ದೆ. “ಅಧ್ಯಕ್ಷರ, ನಿಮ್ಮ ಫೋನ್ ತಗೀರಿ. ನಿಮ್ಮ ಪಾಳಿ ಯಾವತ್ತ ತೋರಸತೈತಿ?”

“ನಂದ್ಯಾಕವಾ ಈಗ?” ಎನ್ನುತ್ತ ಕನ್ನಡಕ ಹಾಕಿಕೊಂಡರು. “ಶುಕ್ರವಾರ.”

“ದಪ್ತರದಾಗ ನೋಡ್ರಿ.”

ಬೆರಳಿಟ್ಟು ನೋಡಿದರು. “ಶನಿವಾರ ಐತಿ.”

“ದಪ್ತರ ಯಾರ ಬರೀತಾರ್ರಿ?”

“ನಾನ ಬರೀತೇನಿ.”

ಹಿಂದಿನಿಂದ ಒಬ್ಬರು ಕೂಗಿದರು: “ಹಂಗಾರ ಅಧ್ಯಕ್ಷರ ಪಾಳೀನೂ ಸೌಡಿನ ಕದ್ದಾನಂದ್ರ ಹೆಂಗಪಾ!” ಕೆಲವರು ನಕ್ಕರು. ಒಬ್ಬೊಬ್ಬರೇ ಫೋನು ತೆಗೆದು ಗಟ್ಟಿಯಾಗಿ ಓದಿದರು. ಅಧ್ಯಕ್ಷರು ದಪ್ತರದಲ್ಲಿ ನೋಡಿ ಗುರುತು ಹಾಕುತ್ತ ಹೋದರು. ಹನ್ನೊಂದು ಜನ ಓದಿದರು, ಹನ್ನೊಂದು ಪಾಳಿಯೂ ಒಂದೊಂದು ದಿನ ಹಿಂದಿದ್ದವು. ನಗು ನಿಂತಿತು. ಹನ್ನೆರಡನೆಯವನು ಕಾಕಾ. ಅವನು ಫೋನು ತೆಗೆಯಲಿಲ್ಲ.

“ನಿನ್ನ ಫೋನ್ ತೋರಸೋ,” ಎಂದರು ಅಧ್ಯಕ್ಷರು.

“ತಪ್ಪ ಫೋನಿಂದಲ್ಲ, ನಂದು,” ಎಂದೆ ನಾನು. “ಬೋರ್ಡ್ ಖರೇ ಇತ್ತು. ಸೌಡಿ ಅಣ್ಣಾರು ಬರೋಬರಿ ನೀರ ಬಿಟ್ಟಾರ. ಸೋಮವಾರದ ಪಾಳಿ ನಮ್ಮ ಕಾಕಾಂದಲ್ಲ.”

ಅವನು ಎದ್ದು ಬಂದದ್ದೂ ನನ್ನ ಜಡೆ ಹಿಡಿದದ್ದೂ ಒಂದೇ ಉಸಿರಿಗೆ. ಎರಡು ಏಟು ನೆನಪಿವೆ. ಮೂರನೆಯದಕ್ಕೆ ನನ್ನ ತಲೆ ಮೇಜಿನ ಅಂಚಿಗೆ ಬಡಿಯಿತು. ನಾಲ್ಕು ಜನ ಸೇರಿ ಅವನನ್ನು ಹಿಂದಕ್ಕೆ ಎಳೆದು ಗೋಡೆಗೆ ಒತ್ತಿ ಹಿಡಿದರು. ಅವನ ಚಪ್ಪಲಿಯ ಕೆಳಗೆ ಗಾಜು ಕರಕರ ಎಂದಿತು. ಅಲ್ಲಿಂದಲೇ ನನ್ನನ್ನು ನೋಡುತ್ತ, ಕೂಗದೆ, ನಿಜವಾಗಿಯೂ ತಿಳಿಯದವನಂತೆ ಕೇಳಿದ:

“ಹಂಗಾರ ನಾ ಹೊಡದದ್ದ ಯಾಕ ಲೇ?”

ಅಧ್ಯಕ್ಷರು ಠರಾವಿನ ಹಾಳೆ ಹರಿದು ಮೇಜಿನ ಕೆಳಗೆ ಹಾಕಿದರು. ಸೌಡಿಯ ಕಡೆ ತಿರುಗಿ, ಸೋಮವಾರದಿಂದ ಕೆಲಸಕ್ಕೆ ಬಾ ಎಂದರು. ಸೌಡಿ ತಲೆ ಎತ್ತಲಿಲ್ಲ. ಮತ್ತೊಮ್ಮೆ ಗಟ್ಟಿಯಾಗಿ ಹೇಳಿದರು. ಆಗ ಸೌಡಿ ಮುಖ ತಿರುಗಿಸಿ ಬಲಗಿವಿಯನ್ನು ಮುಂದೆ ಮಾಡಿದರು. ಎಡಗಿವಿ ಕೇಳುತ್ತಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು.

“ಫೋನ್ ತಪ್ಪಿತ್ತು, ಆತು ಬಿಡು,” ಎಂದರು ಅಧ್ಯಕ್ಷರು. “ತಪ್ಪ ತಿಳವಳಿಕಿ. ಮನಸಿನ್ಯಾಗ ಇಟ್ಕೋಬ್ಯಾಡ.”

ಸೌಡಿ ಬಾಗಿಲ ಚೌಕಟ್ಟು ಹಿಡಿದು ನಿಧಾನಕ್ಕೆ ಎದ್ದರು. “ಫೋನ್ ತಪ್ಪಿತ್ತು, ಖರೇ ಐತ್ರಿ. ಫೋನ್ ಬರೋಬರಿ ಇದ್ದಿದ್ರ? ನಾ ಬೋರ್ಡ್ ತಿದ್ದಿದ್ನೆಪಾ ಅಂತ ಇಟ್ಕೊಳ್ರಿ. ಆವಾಗ ಐದ ಮಂದಿ ಕೂಡಿ ಕಬ್ಬಿಣಲೇ ಹೊಡದದ್ದು ಬರೋಬರಿ ಆಗತಿತ್ತೇನ್ರಿ?”

ಮೂರು ದಿನದಿಂದ ನಾನು ಹುಡುಕಿದ್ದು ಒಂದೇ ಪ್ರಶ್ನೆಗೆ ಉತ್ತರ, ದಿನ ಯಾಕೆ ತಪ್ಪಿತು ಎಂದು. ಅವರು ಕೇಳಿದ ಈ ಪ್ರಶ್ನೆಯನ್ನು ನಾನು ದಿನಚರಿಯಲ್ಲಿ ಎಲ್ಲಿಯೂ ಬರೆದಿರಲಿಲ್ಲ.

“ಠಾಣೆಕ್ಕ ಹೊಂಟೇನ್ರಿ,” ಎಂದರು ಅವರು. “ಯಾರರ ಬರದ ಕೊಡೋರ ಬೇಕು.”

ಯಾರೂ ಏಳಲಿಲ್ಲ. ನಾನು ಹಣೆಗೆ ಸೆರಗು ಒತ್ತಿಕೊಂಡು ಅವರ ಹಿಂದೆ ಹೊರಟೆ. ಮಧ್ಯಾಹ್ನ ಒಂದು ಗಂಟೆಯ ಬಸ್ಸಿಗೆ ನವಲಗುಂದ ತಲುಪಿದೆವು. ಬಸ್ಸಿನಲ್ಲಿ ಅವರ ಬಲಕ್ಕೆ ಕುಳಿತೆ.

ಠಾಣೆಯಲ್ಲಿ ಹವಾಲ್ದಾರರು ನನ್ನ ಹಣೆಯನ್ನೂ ಅವರ ಕಣ್ಣನ್ನೂ ನೋಡಿ ಹಾಳೆ, ಪೆನ್ನು ಕೊಟ್ಟರು. ಸೌಡಿ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಮೊದಲನೆಯ ಹೆಸರು ಕಾಕಾನದು. ಎರಡು, ಮೂರು ಅವನ ಮಕ್ಕಳದು. ನಾಲ್ಕು, ಐದು ಆಳುಗಳದು. ಹವಾಲ್ದಾರರು ನನ್ನ ಅಡ್ಡಹೆಸರನ್ನೂ ಹಾಳೆಯ ಮೇಲಿನ ಅಡ್ಡಹೆಸರನ್ನೂ ನೋಡಿ ಸಣ್ಣ ದನಿಯಲ್ಲಿ ಅಂದರು: “ಅಕ್ಕಾರ, ಇದು ಅಟ್ರಾಸಿಟಿ ಕಾಯ್ದೇದಾಗ ಹೋಗತೈತಿ. ಲಗೂ ಜಾಮೀನ ಸಿಗಂಗಿಲ್ಲ ನಿಮ್ಮ ಕಾಕಾಗ. ಮನ್ಯಾಗ ಒಂದ ಮಾತ ಕೇಳಿ ಬರತೀರೇನು?”

“ಬ್ಯಾಡ್ರಿ,” ಎಂದೆ. ಸೌಡಿಯನ್ನು ಕೇಳಿದೆ: “ನನ್ನ ಹೆಸರೂ ಬರೀಲೇನ್ರಿ? ತಪ್ಪ ಸುರು ಆಗಿದ್ದು ನನ್ನಿಂದ.”

ಅವರು ಸರಿಯಿದ್ದ ಒಂದೇ ಕಣ್ಣನ್ನು ನನ್ನತ್ತ ತಿರುಗಿಸಿದರು.

“ನೀವ ಹೊಡದಿಲ್ಲ,” ಎಂದರು. “ಬಿಡಿಸಾಕೂ ಬರಲಿಲ್ಲ. ಏರಿ ಮ್ಯಾಲ ನಿಂತ ನೋಡಿದ್ರಿ. ಸಾಕ್ಷಿ ಅಂತ ಬರೀರಿ.”

ಸಾಕ್ಷಿ ಎಂಬಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಬರೆದೆ. ಅದರ ಕೆಳಗೆ, ಕೇಳದಿದ್ದರೂ, ಗಂಟೆ ಬರೆದೆ: ಎರಡು ಐದು.